ಆರು ಗಂಟೆಯ ಗಡುವು

ನಿಮ್ಮ ಎರಡೂ ಅಂಗೈ ಅಪ್ಪನ ಎದೆಯ ನಟ್ಟನಡುವೆ ಇವೆ. ಮೂಗಿಗೆ ಅಮೃತಾಂಜನದ ಘಾಟು ಅಡರುತ್ತಿದೆ. ಗ್ಯಾಸ್ ಇರಬೇಕೆಂದು ಅಮ್ಮ ಸ್ವಲ್ಪ ಹೊತ್ತಿನ ಮುಂಚೆ ಅದೇ ಎದೆಗೆ ತಿಕ್ಕಿದ್ದಾರೆ. ಕೈಯಡಿಯಲ್ಲಿ ಲಟಕ್ಕೆಂದು ಸದ್ದಾಗುತ್ತದೆ. ಪಕ್ಕೆಲುಬು. ನಿಲ್ಲಿಸಬೇಡಿ, ಒತ್ತಿ. ತೋಳು ಸೋಲುತ್ತಿದೆ, ಬೆವರು ಅವರ ಬನಿಯನ್ ಮೇಲೆ ತೊಟ್ಟಿಕ್ಕುತ್ತಿದೆ, ಹೊರಗೆ ಬೆಂಗಳೂರಿನ ಸಿಂಗಾಪುರ ಬಡಾವಣೆಯ ಬೀದಿನಾಯಿಗಳು ಒಂದೇ ಸಮನೆ ಬೊಗಳುತ್ತಿವೆ. ಒತ್ತಿ. ಹಿಂದಿನ ಬೀದಿಯ ಡಾಕ್ಟರು ಬಂದು, ಕತ್ತಿನ ನಾಡಿ ಹಿಡಿದು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ನಿಮ್ಮ ಭುಜ ಹಿಡಿಯುತ್ತಾರೆ. "ಸಾಕಪ್ಪ, ಬಿಡು." ಬೆಳಗಿನ ಜಾವ 4:40.

ಅಳು ಬರುವ ಮೊದಲೇ ಅಪ್ಪನ ಮಾತು ನೆನಪಾಗುತ್ತದೆ. 2021ರ ಅಕ್ಟೋಬರ್ 29ರಂದು ಹೃದಯ ನಿಂತು ಹೋದ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂತೆಂದು ಟಿವಿಯಲ್ಲಿ ನೋಡಿ, "ನಂದೂ ಕೊಟ್ಟುಬಿಡ್ರೋ" ಅಂದಿದ್ದರು. ಎಲ್ಲೂ ಬರೆದುಕೊಟ್ಟಿರಲಿಲ್ಲ. ಬರೆದಿದ್ದರೂ ಈಗ ಹೂಂ ಅನ್ನಬೇಕಾದವರು ಮನೆಯವರೇ, ಅದೂ ಆರು ಗಂಟೆಯೊಳಗೆ.

ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಶುರುವಾದ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್‌ಗೆ ಫೋನ್ ಮಾಡುತ್ತೀರಿ. "ಫ್ಯಾನ್ ಆಫ್ ಮಾಡಿ ಸಾರ್. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬಿರಲಿ."

"ಕಿಡ್ನಿ, ಲಿವರ್?"

"ಅವಕ್ಕೆ ರಕ್ತ ಬೇಕಲ್ಲ ಸಾರ್. ಹಾರ್ಟ್ ಮನೆಯಲ್ಲೇ ನಿಂತ ಮೇಲೆ ಆಗಲ್ಲ."

ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಹೃದಯ ನಿಂತವರ ಮೂತ್ರಪಿಂಡವನ್ನೂ ಕಸಿ ಮಾಡಿದ್ದಾರೆ. ಆದರೆ ಅದಕ್ಕೆ ಸಾವು ಆಸ್ಪತ್ರೆಯಲ್ಲೇ, ಶಸ್ತ್ರಚಿಕಿತ್ಸೆಯ ತಂಡ ಸಜ್ಜಾಗಿರುವಾಗಲೇ ಆಗಬೇಕು. ನಮ್ಮ ಬಹುಪಾಲು ಸಾವುಗಳು ಹಾಗೆ ಆಗುವುದಿಲ್ಲ. ಕಾರ್ನಿಯಾದ ಕಥೆಯೇ ಬೇರೆ. ಕಣ್ಣಿನ ಆ ತಿಳಿಯಾದ ಪದರಕ್ಕೆ ರಕ್ತನಾಳಗಳೇ ಇಲ್ಲ. ಗಾಳಿಯಿಂದಲೇ ಆಮ್ಲಜನಕ ಪಡೆದು ಬದುಕುವಂಥದ್ದು ಅದು. ಅಪ್ಪನ ಮೈಯಲ್ಲಿ ಅದಿನ್ನೂ ಜೀವಂತವಾಗಿದೆ.

ಹೆಬ್ಬೆರಳಿನಿಂದ ರೆಪ್ಪೆ ಮುಚ್ಚುತ್ತೀರಿ. ಇನ್ನೂ ಬೆಚ್ಚಗಿದೆ. ಕೈ ತೆಗೆದರೆ ಕೂದಲೆಳೆಯಷ್ಟು ಮತ್ತೆ ತೆರೆದುಕೊಳ್ಳುತ್ತದೆ. ತಣ್ಣೀರಿನ ಹತ್ತಿ ಇಡುವಾಗ ಅವರಿಗೆ ಚಳಿಯಾದೀತೆಂದು ಕೈ ತಡೆಯುತ್ತದೆ.

"ಬೇಡ ಕಣೋ," ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಮುಂದಿನ ಜನ್ಮದಲ್ಲಿ ನನ್ನ ತಮ್ಮ ಕುರುಡಾಗಿ ಹುಟ್ಬೇಕಾ?"

ನಿಮ್ಮ ಬಾಯಿ ಒಣಗುತ್ತದೆ. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವರು, ಅವರ ಭಯವೂ ಪ್ರೀತಿಯೇ. ಕತ್ತರಿಸುವವರನ್ನು ಕರೆದವರು ನೀವು. ಈಗಲೂ ಬೇಡ ಅನ್ನಬಹುದು. ಗೋಡೆಗೊರಗಿದ ಅಮ್ಮ ಬಾಯಿ ಬಿಡುತ್ತಾರೆ. "ಅವ್ರು ಹೇಳಿದ್ದು ನಾನೂ ಕೇಳಿಸ್ಕೊಂಡಿದೀನಿ. ಬರಲಿ."

ಐದೂ ಮುಕ್ಕಾಲಿಗೆ ಇಬ್ಬರು ಪೆಟ್ಟಿಗೆ ಹಿಡಿದು ಬರುತ್ತಾರೆ. ಅಮ್ಮ ಸಹಿ ಹಾಕುತ್ತಾರೆ, ಕೋಣೆಯ ಬಾಗಿಲು ಮುಚ್ಚುತ್ತದೆ. ಸ್ಪಿರಿಟ್ ವಾಸನೆ. ಸ್ಟೀಲಿನ ತಟ್ಟೆಯಲ್ಲಿ ಟಿಣ್ ಎಂದದ್ದು ನಿಮ್ಮ ಬೆನ್ನುಹುರಿಯಲ್ಲಿ ಇಳಿಯುತ್ತದೆ. ಚಿಲಕದ ಮೇಲೆ ಕೈಯಿಟ್ಟು ತೆಗೆಯುತ್ತೀರಿ, ಮತ್ತೆ ಇಡುತ್ತೀರಿ. ಇಪ್ಪತ್ತು ನಿಮಿಷ. ಬಾಗಿಲು ತೆರೆದಾಗ ಅಪ್ಪನ ಮುಖ ಮೊದಲಿನಂತೆಯೇ ಇದೆ. ಅತ್ತೆ ಬಾಗಿ, ಹತ್ತಿರದಿಂದ, ತುಂಬ ಹೊತ್ತು ನೋಡುತ್ತಾರೆ.

ರಕ್ತ ಪರೀಕ್ಷೆ ಮಾಡುತ್ತೇವೆ, ಕಾರ್ನಿಯಾ ಚೆನ್ನಾಗಿದ್ದರೆ ಇಬ್ಬರಿಗಾದರೂ ಆಗುತ್ತದೆ ಎನ್ನುತ್ತಾನೆ ಬಂದವರಲ್ಲೊಬ್ಬ ಹುಡುಗ. ಪುನೀತ್ ಅವರ ಎರಡು ಕಾರ್ನಿಯಾಗಳ ಮುಂಪದರ, ಹಿಂಪದರ ಬೇರೆ ಮಾಡಿದ್ದರಿಂದ ನಾಲ್ವರಿಗೆ ಆದದ್ದು.

"ಯಾರಿಗೆ ಹಾಕ್ತೀರಪ್ಪ?" ಅಮ್ಮನ ಪ್ರಶ್ನೆ.

"ಹೇಳೋ ಹಾಗಿಲ್ಲಮ್ಮ."

ಅವನು ಮೆಟ್ಟಿಲಿಳಿಯುವಾಗ ಅತ್ತೆ ಹಿಂದೆಯೇ ಓಡುತ್ತಾರೆ. "ನನ್ನ ತಮ್ಮನಿಗೆ ಶುಗರ್ ಇತ್ತಪ್ಪ. ಪರವಾಗಿಲ್ವಾ, ಆಗುತ್ತಾ?"

"ಶುಗರ್ ಇದ್ರೂ ಆಗುತ್ತಮ್ಮ," ಅನ್ನುತ್ತಾ ಹುಡುಗ ಗಾಡಿ ಹತ್ತುತ್ತಾನೆ.