ಗುಡ್ಡ ಹತ್ತಿದ ಕಣಿವೆ

ದೋಣಿ ಹೊರಟು ಹತ್ತು ನಿಮಿಷವಾಗಿರಬಹುದು. ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗ, "ಸರ, ಆ ಹಳೇ ಊರು ಎಲ್ಲಿ ಐತ್ರಿ?" ಎಂದು ಕೇಳಿದ. "ನಿನ್ನ ಕಾಲ ಕೆಳಗ" ಎಂದೆ. ಅವನು ಗಾಬರಿಯಾಗಿ ತನ್ನ ಚಪ್ಪಲಿಗಳನ್ನು ನೋಡಿಕೊಂಡ!

ನಾವು ಹೋಗುತ್ತಿದ್ದದ್ದು ಆಂಧ್ರಪ್ರದೇಶದ ನಾಗಾರ್ಜುನಕೊಂಡಕ್ಕೆ. ಇಂದು ಅದು ನಾಗಾರ್ಜುನಸಾಗರದ ನಡುವಿನ ಒಂದು ನಡುಗಡ್ಡೆ. ಆದರೆ ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಅದು ನಲ್ಲಮಲ ಬೆಟ್ಟಗಳು ಮೂರು ಕಡೆ, ಕೃಷ್ಣಾ ನದಿ ಒಂದು ಕಡೆ ಸುತ್ತುವರಿದ ಕಣಿವೆಯ ಮಗ್ಗುಲಲ್ಲಿದ್ದ ಗುಡ್ಡ. ಆ ಕಣಿವೆಯಲ್ಲಿಯೇ ಕ್ರಿಸ್ತಶಕ ಮೂರು, ನಾಲ್ಕನೆಯ ಶತಮಾನಗಳಲ್ಲಿ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಇತ್ತು. ಈಗ ದೋಣಿ ಹತ್ತುವ ಊರಿನ ಹೆಸರೂ ವಿಜಯಪುರಿ ದಕ್ಷಿಣ. ಹೆಸರೊಂದು ದಡ ಸೇರಿದೆ.

ನಾವು ಬಾಗಲಕೋಟೆಯವರು. ಅಣೆಕಟ್ಟು, ಹಿನ್ನೀರು, ಪುನರ್ವಸತಿ ಎಂಬ ಮಾತುಗಳು ನಮ್ಮ ಮಕ್ಕಳಿಗೆ ಮಗ್ಗಿಯಷ್ಟೇ ಪರಿಚಿತ. ಆದ್ದರಿಂದಲೇ ಈ ಸಲದ ಪ್ರವಾಸವನ್ನು ಕೃಷ್ಣೆಯ ಜಾಡು ಹಿಡಿದು ಇಟ್ಟುಕೊಂಡಿದ್ದೆ. ಅಣೆಕಟ್ಟಿನ ನೀರು ಬಂದಾಗ ಹಳೆಯದನ್ನು ಉಳಿಸಿಕೊಳ್ಳಲು ಮನುಷ್ಯ ಏನೇನು ಮಾಡಿದ್ದಾನೆ ಎಂಬುದನ್ನು ಪಾಠ ಹೇಳುವ ಬದಲು ತೋರಿಸಿಬಿಡೋಣ ಎಂದು.

ಮೊದಲ ನಿಲುಗಡೆ ನಮ್ಮ ಜಿಲ್ಲೆಯ ಕೂಡಲಸಂಗಮ. ಕೃಷ್ಣೆ ಮಲಪ್ರಭೆಯರು ಸೇರುವ ಜಾಗ. ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸಲಿಲ್ಲ. ಸುತ್ತಲೂ ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗಬೇಕು. ಎರಡನೆಯದು ತೆಲಂಗಾಣದ ಆಲಂಪುರ. ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿ ಮೂಲತಃ ಇದ್ದದ್ದು ತುಂಗಭದ್ರೆ ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯಲ್ಲಿ. ಶ್ರೀಶೈಲ ಅಣೆಕಟ್ಟಿನ ನೀರು ಬರುತ್ತದೆಂದು ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಹುಡುಗರು ಸಂದು ಹುಡುಕಿ ಸೋತರು.

ಮೂರನೆಯದು ಈ ನಾಗಾರ್ಜುನಕೊಂಡ. ಇಲ್ಲಿ ನಡೆದದ್ದು ಎಲ್ಲಕ್ಕಿಂತ ದೊಡ್ಡ ಕೆಲಸ.

ಕಣಿವೆಯ ಕಂಬಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1926ರಲ್ಲಿ. ಮರುವರ್ಷದಿಂದ 1931ರವರೆಗೆ ಲಾಂಗ್‌ಹರ್ಸ್ಟ್ ಎಂಬ ಅಧಿಕಾರಿ ಅಗೆಸಿದರು. ನಿಧಾನವಾಗಿ ನಡೆಯಬಹುದಾಗಿದ್ದ ಈ ಕೆಲಸಕ್ಕೆ ಅಣೆಕಟ್ಟಿನ ಯೋಜನೆ ಗಡುವು ಹಾಕಿತು. 1955ರ ಡಿಸೆಂಬರ್ 10ರಂದು ನೆಹರೂ ಅಡಿಗಲ್ಲು ಇಟ್ಟರು. ಅದಕ್ಕೂ ಒಂದು ವರ್ಷ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಕಣಿವೆಗೆ ಇಳಿದಿದ್ದರು. 1960ರವರೆಗೆ, ಆರು ವರ್ಷ, ನೂರಕ್ಕೂ ಹೆಚ್ಚು ತಾಣಗಳು! ಶಿಲಾಯುಗದ ಕಲ್ಲಿನ ಆಯುಧಗಳಿಂದ ಹಿಡಿದು ಸ್ತೂಪಗಳು, ವಿಹಾರಗಳು, ಗುಡಿಗಳು, ಕೋಟೆ, ಸ್ನಾನಘಟ್ಟಗಳವರೆಗೆ ಸಿಕ್ಕವು. ಮುಖ್ಯವಾದ ಕೆಲವನ್ನು ಗುಡ್ಡದ ಮೇಲೆ ಮರುನಿರ್ಮಿಸಿದರು, ಕೆಲವನ್ನು ದಡದ ಅನುಪು ಎಂಬಲ್ಲಿಗೆ ಸಾಗಿಸಿದರು. 1966ರಲ್ಲಿ ಗುಡ್ಡದ ಮೇಲೆ ವಸ್ತುಸಂಗ್ರಹಾಲಯ ಬಂತು, 1967ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯವನ್ನು ನೈಲ್ ನದಿಯಿಂದ ಮೇಲಕ್ಕೆತ್ತಿದ್ದು 1964ರಿಂದ 68ರ ನಡುವೆ. ಅದು ಎಲ್ಲ ಪಠ್ಯಪುಸ್ತಕಗಳಲ್ಲಿ ಇದೆ; ಇದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

ಮಹಾಚೈತ್ಯದ ಎದುರು ನಾನು ಹೆಚ್ಚು ಹೊತ್ತು ನಿಂತೆ. ಅದರ ತಳವಿನ್ಯಾಸ ಗಾಡಿಯ ಗಾಲಿಯಂತೆ: ನಡುವೆ ಗುಂಬ, ಸುತ್ತ ಅರೆಕಾಲುಗಳಂತೆ ಇಟ್ಟಿಗೆಯ ಗೋಡೆಗಳು, ಹೊರಗೆ ಬಳೆಯಂತೆ ಇನ್ನೊಂದು ಗೋಡೆ. ಗೋಡೆಗಳ ನಡುವಿನ ಜಾಗಕ್ಕೆ ಮಣ್ಣು ತುಂಬಿದರೆ ಇಟ್ಟಿಗೆಯೂ ಉಳಿಯಿತು, ಗುಮ್ಮಟದ ಭಾರವೂ ಹಂಚಿತು. ಭೌತಶಾಸ್ತ್ರದ ಪುಸ್ತಕವಿಲ್ಲದೆ ಕಟ್ಟಿದ್ದು! ವಸ್ತುಸಂಗ್ರಹಾಲಯದಲ್ಲಿ ಸುಣ್ಣಕಲ್ಲಿನ ಶಿಲ್ಪಗಳನ್ನು ನೋಡಬೇಕಾದರೆ ಅವಸರ ಮಾಡಬಾರದು. ಇಲ್ಲಿಯ ಶಾಸನಗಳಲ್ಲಿ ನಮ್ಮ ಬನವಾಸಿಯೂ ಇದೆ. ಇಕ್ಷ್ವಾಕು ರಾಜಕುಮಾರಿ ಕೊಡಬಲಿಸಿರಿ ಬನವಾಸಿಯ ಅರಸನ ರಾಣಿಯಾಗಿದ್ದಳು. ಅವಳು ಬೌದ್ಧ ಭಿಕ್ಷುಗಳಿಗೆ ಕಟ್ಟಿಸಿದ ವಿಹಾರದ ಸಂಗತಿ ಕಂಬದ ಮೇಲಿದೆ. ಆ ಕಂಬವನ್ನು ಅಗೆದು ತೆಗೆದು ಓದದೆ ಹೋಗಿದ್ದರೆ ನಮ್ಮ ಇತಿಹಾಸದ ಒಂದು ಸಾಲೂ ನೀರಿನ ಕೆಳಗೆ ಇರುತ್ತಿತ್ತು.

ದಡಕ್ಕೆ ಮರಳಿ ಅನುಪುಗೆ ಹೋದೆವು. ಅಲ್ಲಿ ಮೆಟ್ಟಿಲು ಮೆಟ್ಟಿಲಾದ ರಂಗಸ್ಥಳವೊಂದಿದೆ. ನಡುವೆ ನಿಂತು ಮಾತಾಡಿದರೆ ಮೇಲಿನ ಸಾಲಿಗೂ ಕೇಳುತ್ತದೆ ಎಂಬ ಖ್ಯಾತಿ ಇದಕ್ಕಿದೆ. ಸರಿ, ಪ್ರಯೋಗ ಮಾಡಿದೆವು. ಒಬ್ಬ ಚಪ್ಪಾಳೆ ತಟ್ಟಿದ, ಉಳಿದವರು ಬೇರೆ ಬೇರೆ ಸಾಲಿನಲ್ಲಿ ಕಿವಿಗೊಟ್ಟರು. "ಕೇಳಿಸ್ತದ್ರಿ" ಎಂದರು ಕೆಲವರು, "ಗಾಳಿ ಐತ್ರಿ" ಎಂದರು ಕೆಲವರು. ಆಗ ಒಬ್ಬಳು ಹುಡುಗಿ ಕೇಳಿದ್ದು ನನ್ನನ್ನು ನಿಲ್ಲಿಸಿತು. "ಸರ, ಕಲ್ಲು ಅವೇ ಇರಬಹುದು. ಆದ್ರ ಸುತ್ತಲಿನ ಜಾಗ ಬ್ಯಾರೆ ಅಲ್ಲೇನ್ರಿ? ಮತ್ತ ಸದ್ದು ಹೆಂಗ ಅದೇ ಇರ್ತದ್ರಿ?"

ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆಯುವುದಿಲ್ಲ! ಅವಳ ಮಾತು ನೂರಕ್ಕೆ ನೂರು ನಿಜ. ಕಲ್ಲನ್ನು ಸಾಗಿಸಬಹುದು, ಅದು ನಿಂತ ನೆಲವನ್ನು ಸಾಗಿಸಲಾಗದು. ಅಷ್ಟೇ ಅಲ್ಲ, ಮಣ್ಣಿನ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಯಾವ ಮಡಕೆ ಚೂರು ಯಾವ ಪದರದಲ್ಲಿತ್ತು ಎಂಬುದರ ಮೇಲೆಯೇ ಅದರ ಕಾಲ ನಿಂತಿದೆ. ಪ್ರಯೋಗಾಲಯದಲ್ಲಿ ಪ್ರಯೋಗ ಕೆಟ್ಟರೆ ಮತ್ತೊಮ್ಮೆ ಮಾಡುತ್ತೇವೆ. ಅಗೆದ ಪದರವನ್ನು ಮತ್ತೊಮ್ಮೆ ಅಗೆಯಲು ಬರುವುದಿಲ್ಲ. ಹಾಗಾಗಿ ಆ ಆರು ವರ್ಷಗಳಲ್ಲಿ ನಿಜವಾಗಿ ಉಳಿದದ್ದು ಗುಡ್ಡದ ಮೇಲಿನ ಸ್ತೂಪಗಳಿಗಿಂತ ಹೆಚ್ಚಾಗಿ ನಕ್ಷೆಗಳು, ಅಳತೆಗಳು, ಛಾಯಾಚಿತ್ರಗಳು ಎಂದು ನನಗೆ ಅನ್ನಿಸುತ್ತದೆ.

ಇಂದು ಇದೊಂದು ವೃತ್ತಿಯೇ ಆಗಿದೆ ಎಂಬುದನ್ನು ಪಾಲಕರು ಗಮನಿಸಬೇಕು. ಹೆದ್ದಾರಿ, ರೈಲುಮಾರ್ಗ, ಜಲಾಶಯಗಳ ಕೆಲಸಕ್ಕೆ ಮುನ್ನ ಹಳೆಯ ನಕ್ಷೆ, ಶಾಸನ, ಊರ ಹೆಸರುಗಳನ್ನು ಓದಿ, ಹೊಲಹೊಲ ನಡೆದು, ಅನುಮಾನ ಬಂದಲ್ಲಿ ಚಿಕ್ಕ ಗುಂಡಿ ತೋಡಿ ನೋಡಿ, ದಾರಿ ಬದಲಿಸಬೇಕೇ, ಅಗೆದು ದಾಖಲಿಸಬೇಕೇ ಎಂದು ಸಲಹೆ ಕೊಡುವ ತಜ್ಞರಿದ್ದಾರೆ. ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿಯ ನಂತರ ಇದರ ಖರ್ಚು ಹೆಚ್ಚಾಗಿ ಕಟ್ಟಡ ಕಟ್ಟುವವರ ಮೇಲೆಯೇ ಬಿತ್ತು. ನಮ್ಮಲ್ಲಿ 2010ರ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆದರೆ ಪಟ್ಟಿಯಲ್ಲಿಲ್ಲದ ಊರಬಾಗಿಲು, ವೀರಗಲ್ಲು, ಹಳೆಯ ಮನೆಗಳಿಗೆ ಈ ವಲಯವಿಲ್ಲ.

ಇದು ನನಗೆ ಸ್ವಂತದ ಮಾತೂ ಹೌದು. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ನಮ್ಮ ಮನೆ ಹೋಯಿತು. ಕೆತ್ತನೆಯ ತಲಬಾಗಿಲನ್ನು ಬಿಚ್ಚಿ ನವನಗರದ ಮನೆಗೆ ಕೂಡಿಸಿದೆವು. ಬಂದವರೆಲ್ಲ ಹೊಗಳುತ್ತಾರೆ. ಆದರೆ ಮನೆಯ ಒಂದು ನಕ್ಷೆ ಬರೆದಿಡಬೇಕೆಂದು ಬಿಎಸ್ಸಿ, ಬಿಎಡ್ ಓದಿದ ನನಗೆ ಹೊಳೆಯಲಿಲ್ಲ. ಪಡಸಾಲೆಯ ಹಗೇವಿನ ಬಾಯಿ ಎಡಕ್ಕಿತ್ತೆಂದು ಅಕ್ಕ ಹೇಳುತ್ತಾಳೆ, ಬಲಕ್ಕೆಂದು ನಾನು. ಹೇಳಬೇಕಾದ ಅಪ್ಪ ಈಗಿಲ್ಲ.

ಮರಳುವಾಗ ಆ ಹುಡುಗಿ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತಳು. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆಯಲ್ಲ, ಅದರಲ್ಲಿ ಅವಳ ಊರೂ ಹೋಗುತ್ತದಂತೆ. "ಹೊಲ, ಗಿಡ, ಮನಿ ಎಲ್ಲಾ ಪರಿಹಾರಕ್ಕ ಅಳೀತಾರ್ರಿ. ಹನುಮಪ್ಪನ ಗುಡಿ ಮುಂದಿನ ವೀರಗಲ್ಲು ಯಾರು ಅಳೀತಾರ್ರಿ ಸರ?"

ಶಾಲೆಯ ಅಳತೆ ಪಟ್ಟಿಯನ್ನು ಅವಳಿಗೆ ಕೊಟ್ಟಿದ್ದೇನೆ. ಹದಿನೈದು ಮೀಟರಿನದು. ಹೋದ ಸೋಮವಾರ ಅವಳು ತಂದ ಹಾಳೆಯಲ್ಲಿ ಗುಡಿ ಇತ್ತು, ಕಟ್ಟೆ ಇತ್ತು, ವೀರಗಲ್ಲಿನ ಎತ್ತರ ಇತ್ತು. ಉತ್ತರ ದಿಕ್ಕಿನ ಗುರುತು ಹಾಕಲು ಮರೆತಿದ್ದಳು. ದಿಕ್ಸೂಚಿ ಕೊಟ್ಟು ಮತ್ತೆ ಕಳಿಸಿದ್ದೇನೆ.