ಆಟೊ ಏಕೆ ನಿಂತಿತ್ತು?

ಮಗಳು ಆರನೆಯ ತರಗತಿಗೆ ಬಂದಳು, ಶಾಲೆ ರಸ್ತೆಯ ಆಚೆ ಬದಿಗೆ ಹೋಯಿತು. ಬೆಂಗಳೂರಿನ ರಾಜಾಜಿನಗರದ ಆ ಮನೆಯಲ್ಲಿ ಜೂನ್ ತಿಂಗಳ ಮೊದಲ ವಾರ ಬೇರೆ ಮಾತೇ ಇರಲಿಲ್ಲ. ಐದನೆಯ ತರಗತಿಯವರೆಗೆ ಶಾಲೆ ಮನೆಯ ಬೀದಿಯ ಕೊನೆಯಲ್ಲೇ ಇತ್ತು. ಅಮ್ಮ ಗೇಟಿನ ಬಳಿ ನಿಂತರೆ ಮಗಳು ಶಾಲೆಯ ಒಳಗೆ ಕಾಲಿಡುವುದು ಕಾಣುತ್ತಿತ್ತು. ಈಗ ಡಾ. ರಾಜ್‌ಕುಮಾರ್ ರಸ್ತೆಯನ್ನು ದಾಟಬೇಕು. ಬೆಳಿಗ್ಗೆ ಎಂಟೂವರೆಗೆ ಆ ರಸ್ತೆ ಹೇಗಿರುತ್ತದೆ ಎಂಬುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳಿ ಪ್ರಯೋಜನವಿಲ್ಲ.

“ರೀ, ಇನ್ನೊಂದು ವರ್ಷ ನೀವೇ ಬಿಟ್ಟು ಬನ್ನಿ” ಎಂದರು ಅಮ್ಮ.

“ಅವಳ ವಯಸ್ಸಿಗೆ ನಾನು ಒಬ್ಬನೇ ತಿಪಟೂರಿನ ಸಂತೆಗೆ ಹೋಗಿ ಬರ್ತಿದ್ದೆ” ಎಂದರು ಅಪ್ಪ.

“ನಿಮ್ಮೂರಿಗೆ ದಿನಕ್ಕೆ ಎರಡು ಬಸ್ ಬರ್ತಿತ್ತು. ಅದರಲ್ಲಿ ಒಂದು ಕೆಟ್ಟು ನಿಂತಿರ್ತಿತ್ತು.”

ವಾದದಲ್ಲಿ ಗೆದ್ದವರು ಅಮ್ಮ. ಆದರೆ ತೀರ್ಮಾನ ಅಪ್ಪನದೇ ಆಯಿತು. ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತದೆ. ಒಂದು ವಾರ ಅವರು ಮಗಳ ಜೊತೆ ನಡೆದು ಹೋಗಿ ರಸ್ತೆ ದಾಟುವ ಪಾಠ ಮಾಡಿದರು. ಅಂಚಿನಲ್ಲಿ ನಿಲ್ಲು. ಮೊದಲು ಬಲಕ್ಕೆ ನೋಡು, ನಮ್ಮ ದೇಶದಲ್ಲಿ ಹತ್ತಿರದ ವಾಹನ ಬರುವುದು ಆ ಕಡೆಯಿಂದ. ಆಮೇಲೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ. ಓಡಬೇಡ. ನಡುವೆ ವಿಭಜಕದ ಮೇಲೆ ನಿಂತು ಇನ್ನೊಂದು ಅರ್ಧವನ್ನು ಹೊಸ ರಸ್ತೆ ಎಂದೇ ತಿಳಿದು ದಾಟು. ಪಾಠವೇನೋ ಚೆನ್ನಾಗಿಯೇ ಇತ್ತು. ಆದರೆ ಮೂರನೆಯ ದಿನ ಮಗಳು ಒಂದು ಪ್ರಶ್ನೆ ಕೇಳಿದಳು.

“ಅಪ್ಪ, ನಾನು ಗಾಡಿ ನೋಡಿದೆ, ಸರಿ. ಗಾಡಿಯವರು ನನ್ನ ನೋಡಿದ್ರಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ?”

“ಅವರ ಮುಖ ನೋಡಬೇಕು.”

“ಮುಖಾನೇ ಕಾಣಲ್ವಲ್ಲ!”

ಹುಡುಗಿ ಹೇಳಿದ್ದು ನಿಜ. ಹೆಲ್ಮೆಟ್ಟಿನ ಕಪ್ಪು ಗಾಜಿನ ಹಿಂದೆ ಯಾರ ಕಣ್ಣು ಎಲ್ಲಿದೆಯೋ ಯಾರಿಗೆ ಗೊತ್ತು? ಕಾರಿನ ಗಾಜಿನಲ್ಲಿ ಆಕಾಶ ಕಾಣುತ್ತದೆ, ಕಾರಿನವರು ಕಾಣುವುದಿಲ್ಲ. ಇನ್ನು ಕೆಲವರ ಕಣ್ಣು ಹ್ಯಾಂಡಲ್ಲಿಗೆ ಸಿಕ್ಕಿಸಿದ ಮೊಬೈಲಿನ ನಕ್ಷೆಯ ಮೇಲೆ. ನಕ್ಷೆಯಲ್ಲಿ ಎಲ್ಲ ತಿರುವುಗಳೂ ಇರುತ್ತವೆ, ರಸ್ತೆ ದಾಟುವ ಹುಡುಗಿ ಇರುವುದಿಲ್ಲ. ಅಪ್ಪ ಆ ಪ್ರಶ್ನೆಗೆ “ಅಭ್ಯಾಸ ಆಗುತ್ತೆ” ಎಂದು ಉತ್ತರ ಕೊಟ್ಟು ಮುಂದೆ ನಡೆದರು.

ಅಪ್ಪ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು, ಸಜ್ಜನರು. ಇಪ್ಪತ್ತು ವರ್ಷಗಳಿಂದ ಸ್ಕೂಟರ್ ಓಡಿಸಿ ಯಾರಿಗೂ ತಾಗಿಸಿದವರಲ್ಲ. ಆದರೂ ಅವರಲ್ಲಿ ಇಬ್ಬರು ಮನುಷ್ಯರಿದ್ದರು, ನಮ್ಮೆಲ್ಲರಲ್ಲಿ ಇರುವ ಹಾಗೆ. ನಡೆಯುವಾಗ ಒಬ್ಬ. ಅವನಿಗೆ ವಾಹನ ಓಡಿಸುವವರೆಲ್ಲ ರಾಕ್ಷಸರು. ಸಿಗ್ನಲ್ ಹಸಿರಾಗುವ ಮುಂಚೆಯೇ ನುಗ್ಗುವವರು, ಜೀಬ್ರಾ ಪಟ್ಟಿಯ ಮೇಲೆ ಚಕ್ರ ಊರಿ ನಿಲ್ಲುವವರು, ಫುಟ್‌ಪಾತನ್ನೇ ರಸ್ತೆ ಮಾಡಿಕೊಂಡವರು. ಸ್ಕೂಟರ್ ಹತ್ತಿದಾಗ ಇನ್ನೊಬ್ಬ. ಅವನಿಗೆ ನಡೆಯುವವರೆಲ್ಲ ತಲೆಕೆಟ್ಟವರು. ಎಲ್ಲೆಂದರಲ್ಲಿ ಕೈ ಅಡ್ಡ ಹಿಡಿದು ನುಗ್ಗುವವರು, ಸ್ಕೈವಾಕ್ ಇದ್ದರೂ ಹತ್ತದವರು. ಮಂಡಿ ನೋವಿನ ಮುದುಕಿ ಸ್ಕೈವಾಕಿನ ಮೆಟ್ಟಿಲು ಹತ್ತುವುದು ಹೇಗೆ ಎಂಬ ಯೋಚನೆ ಮೊದಲನೆಯವನಿಗೆ ಬರುತ್ತಿತ್ತು, ಎರಡನೆಯವನಿಗೆ ಬರುತ್ತಿರಲಿಲ್ಲ. ಈ ಇಬ್ಬರಿಗೂ ಒಮ್ಮೆಯೂ ಮುಖಾಮುಖಿ ಆಗಿರಲಿಲ್ಲ.

ಆದದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ. ಜಿಟಿಜಿಟಿ ಮಳೆ. ಮಗಳು ಆಗಲೇ ಶಾಲೆ ಸೇರಿದ್ದಳು. ಅಪ್ಪನಿಗೆ ಕಚೇರಿಗೆ ಹೊತ್ತಾಗಿತ್ತು. ರಸ್ತೆಯ ಎಡಗಡೆಯ ಸಾಲಿನಲ್ಲಿ ಮುಂದೆ ಹೋಗುತ್ತಿದ್ದ ಆಟೊ ಇದ್ದಕ್ಕಿದ್ದಂತೆ ನಿಂತಿತು. ‘ಶುರುವಾಯ್ತು ಇವರ ಗಿರಾಕಿ ಹಿಡಿಯೋ ಕೆಲಸ, ನಡುರಸ್ತೆಯಲ್ಲಿ!’ ಎಂದು ಗೊಣಗಿ, ಹಾರ್ನ್ ಒತ್ತಿ, ಆಟೊದ ಬಲಕ್ಕೆ ಸರಿದು ಮುಂದಕ್ಕೆ ಹೋದರು.

ಆಟೊದ ಮೂತಿಯ ಮುಂದಿನಿಂದ ಒಂದು ನೀಲಿ ಲಂಗ ಹೊರಗೆ ಬಂತು.

ಬ್ರೇಕ್ ಹಿಡಿದರು. ಒದ್ದೆ ರಸ್ತೆಯಲ್ಲಿ ಸ್ಕೂಟರ್ ಜಾರುತ್ತಲೇ ಹೋಯಿತು. ಸ್ಕೂಟರಿನ ಕನ್ನಡಿ ಏನಕ್ಕೋ ತಾಗಿದ ಸದ್ದಾಯಿತು. ಅದು ನಿಂತದ್ದು ಜೀಬ್ರಾ ಪಟ್ಟಿಗಳನ್ನು ದಾಟಿ ಎಷ್ಟೋ ಮುಂದೆ. ತಿರುಗಿ ನೋಡಿದರೆ ಹತ್ತು ವರ್ಷದ ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಆಟೊಗೆ ಬೆನ್ನು ಒತ್ತಿ ನಿಂತಿದ್ದಳು. ಕೈಯಲ್ಲಿದ್ದ ಊಟದ ಚೀಲ ಕೆಳಗೆ ಬಿದ್ದು ಡಬ್ಬಿ ಬಾಯಿ ಬಿಟ್ಟಿತ್ತು. ಬಿಳಿಯ ಪಟ್ಟಿಯ ಮೇಲೆ ಚಿತ್ರಾನ್ನ. ತಮ್ಮ ಮಗಳ ಶಾಲೆಯದೇ ಸಮವಸ್ತ್ರ, ಮಗಳಲ್ಲ.

ಹುಡುಗಿ ಅವರ ಮುಖ ನೋಡಿ “ಸಾರಿ ಅಂಕಲ್” ಎಂದಳು. ಖಾಲಿ ಡಬ್ಬಿಯನ್ನು ಎತ್ತಿಕೊಂಡು, ಬಲಕ್ಕೆ ಎಡಕ್ಕೆ ನೋಡಿ, ವಿಭಜಕದ ಕಡೆಗೆ ಹೋದಳು.

ಅಪ್ಪನ ನಾಲಿಗೆ ಒಣಗಿತ್ತು. ಆಟೊದವನು ಪಕ್ಕಕ್ಕೆ ಬಂದು ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡರು. ಅವನು ಬೈಯಲಿಲ್ಲ. “ನಾನು ಯಾಕೆ ನಿಂತಿದ್ದೆ ಅಂದ್ಕೊಂಡ್ರಿ ಸಾರ್?” ಎಂದಷ್ಟೇ ಕೇಳಿ ಹೊರಟುಹೋದ.

ಈ ತರಹದ ಅಪಘಾತ ಹೊಸದಲ್ಲ. ಒಂದು ವಾಹನ ನಿಂತು ದಾರಿ ಬಿಡುತ್ತದೆ. ಆ ವಾಹನವೇ ಮರೆಯಾಗಿ, ಪಕ್ಕದ ಸಾಲಿನಲ್ಲಿ ಬರುವವನಿಗೆ ನಡೆಯುವವರೂ ಕಾಣುವುದಿಲ್ಲ, ನಡೆಯುವವರಿಗೆ ಅವನೂ ಕಾಣುವುದಿಲ್ಲ. ಆಟೊದ ಎತ್ತರ ದೊಡ್ಡವರ ಎತ್ತರದಷ್ಟಿದೆ. ಐದನೆಯ ತರಗತಿಯ ಹುಡುಗಿ ಅದರ ಹಿಂದೆ ಪೂರ್ತಿ ಮರೆಯಾಗುತ್ತಾಳೆ. ಬಸ್ಸಿನ ಮುಂದಾದರೆ ಅವಳ ಅಪ್ಪನೂ ಕಾಣುವುದಿಲ್ಲ. ಕಪ್ಪು ಬಿಳುಪಿನ ಜೀಬ್ರಾ ಪಟ್ಟಿಗಳು ಬ್ರಿಟನ್ನಿನ ರಸ್ತೆಗಳಲ್ಲಿ ಕಾನೂನಿನ ಬೆಂಬಲದೊಂದಿಗೆ ಬಂದದ್ದು 1951ರಲ್ಲಿ. ಆ ಪಟ್ಟಿಗಳ ಮುಂಚೆ ಅಲ್ಲಿ ಈಗ ಹಾವಿನಂತೆ ಅಂಕುಡೊಂಕಾದ ಬಿಳಿಯ ಗೆರೆಗಳನ್ನೂ ಬರೆದಿರುತ್ತಾರೆ. ಆ ಗೆರೆಗಳಿರುವಷ್ಟು ದೂರ, ಪಟ್ಟಿಗೆ ಹತ್ತಿರವಾಗಿರುವ ವಾಹನವನ್ನು ಹಿಂದಿನವರು ದಾಟಿ ಮುಂದೆ ಹೋಗುವಂತಿಲ್ಲ. ಯಾಕೆ ನಿಂತಿದೆ ಎಂದು ಕೇಳುವ ಅಗತ್ಯವೇ ಬರದ ಹಾಗೆ ನಿಯಮ ಮಾಡಿದ್ದಾರೆ.

ನಮ್ಮಲ್ಲಿಯೂ ಕಾನೂನಿಲ್ಲ ಎಂದೇನಿಲ್ಲ. ಸಿಗ್ನಲ್ ಇಲ್ಲದ ಪಾದಚಾರಿ ಪಟ್ಟಿಯನ್ನು ಸಮೀಪಿಸುವಾಗ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು ಎಂದು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಎಷ್ಟು ಜನ ಓದಿದ್ದಾರೋ! ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ಸುಮಾರು 90 ಜನ.

ಆ ದಿನ ಅಪ್ಪ ಮನೆಯಲ್ಲಿ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಗಳೇ ಮಾತು ತೆಗೆದಳು.

“ಅಮ್ಮ, ಐದನೇ ಕ್ಲಾಸಿನ ಹುಡುಗಿ ಒಬ್ಬಳು ಇವತ್ತು ಮಧ್ಯಾಹ್ನ ಅಳ್ತಾ ಕೂತಿದ್ಲು. ಯಾರೋ ಅಂಕಲ್ ಸ್ಕೂಟರಲ್ಲಿ ಬಂದು ಅವಳ ಡಬ್ಬಿ ಬೀಳಿಸಿದ್ರಂತೆ. ನನ್ನ ಡಬ್ಬೀದು ಅರ್ಧ ಅವಳಿಗೆ ಕೊಟ್ಟೆ.”

“ಎಂಥ ಜನಾನೋ! ಕಣ್ಣು ಎಲ್ಲಿಟ್ಟಿರ್ತಾರೋ?” ಎಂದರು ಅಮ್ಮ, ಸಾರು ಬಡಿಸುತ್ತಾ.

ಅಪ್ಪ ತಲೆ ತಗ್ಗಿಸಿ ಅನ್ನ ಕಲಸಿದರು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿಗೆ ಪೆಟ್ಟಾಗಿರಲಿಲ್ಲ, ಅವರನ್ನು ಯಾರೂ ಗುರುತು ಹಿಡಿದಿರಲಿಲ್ಲ. ಮಜ್ಜಿಗೆ ಅನ್ನದವರೆಗೆ ಹಾಗೆಯೇ ಕುಳಿತಿದ್ದರು. ಆಮೇಲೆ, “ಆ ಅಂಕಲ್ ನಾನೇ ಪುಟ್ಟಿ” ಎಂದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮ ಸೌಟನ್ನು ಪಾತ್ರೆಯಲ್ಲಿ ಇಟ್ಟರು.

“ನೀನು ನೋಡ್ಲಿಲ್ವಾ ಅಪ್ಪ?”

“ಇಲ್ಲ.”

“ಅವಳು ಬಲಕ್ಕೆ ನೋಡಿದ್ಲಂತೆ. ಆಟೊ ಒಂದೇ ಕಾಣ್ತಿತ್ತಂತೆ. ಅದು ನಿಂತಿತ್ತಲ್ಲ, ಅದಕ್ಕೇ ಹೊರಟ್ಲಂತೆ.”

ಅಪ್ಪ ಒಂದು ವಾರ ಕಲಿಸಿದ ಪಾಠವನ್ನು ಯಾರದೋ ಮಗಳು ಅಕ್ಷರಶಃ ಪಾಲಿಸಿದ್ದಳು. ಪಾಠವೇ ಸಾಲದಾಗಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಸೇರಿ ಮನೆಯ ಮುಂದಿನ ಬೀದಿಯಲ್ಲಿ ಒಂದು ಲೆಕ್ಕ ಮಾಡಿದರು. ಶಾಲೆಯ ಮಕ್ಕಳು ಯಾರು ಬೇಕಾದರೂ ಮಾಡಬಹುದು. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ ಅಷ್ಟರಲ್ಲಿ ಸ್ಕೂಟರ್ 10 ಮೀಟರ್ ಹೋಗಿರುತ್ತದೆ. ಅಲ್ಲಿಂದ ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 10 ಮೀಟರ್. ಇಬ್ಬರೂ ಹೆಜ್ಜೆ ಹಾಕಿ ಅಳೆದರು. ತಮ್ಮ ಗೇಟಿನಿಂದ ಹೊರಟ 20 ಮೀಟರ್ ಮೂರನೆಯ ಮನೆಯ ತುಳಸಿಕಟ್ಟೆಯ ಹತ್ತಿರ ಮುಗಿಯಿತು. ವೇಗ ಇಮ್ಮಡಿಯಾಗಿ 72 ಆದರೆ? ಯೋಚಿಸುವ ಸೆಕೆಂಡಿನಲ್ಲಿ 20 ಮೀಟರ್. ಬ್ರೇಕಿನ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಟ್ಟು 60 ಮೀಟರ್. ಬೀದಿ ಅಷ್ಟು ಉದ್ದವೇ ಇರಲಿಲ್ಲ. ಮೊಬೈಲಿನ ಕಡೆ ಎರಡೇ ಸೆಕೆಂಡ್ ಕಣ್ಣು ಹಾಯಿಸಿದರೆ 36ರ ವೇಗದಲ್ಲಿಯೂ 20 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ.

ಆಟೊವನ್ನು ದಾಟಿದಾಗ ಆ ಹುಡುಗಿಗೂ ಅಪ್ಪನಿಗೂ ನಡುವೆ ಇದ್ದದ್ದು ನಾಲ್ಕೈದು ಮೀಟರ್. ಆಗ ವೇಗ ಎಷ್ಟಿತ್ತು ಎಂದು ಮಗಳು ಕೇಳಿದಳು. “ಮೂವತ್ತು ಇದ್ದಿರಬಹುದು” ಎಂದರು. ಮಗಳು ಅದನ್ನೂ ಲೆಕ್ಕ ಹಾಕಿದಳು. ಎಷ್ಟು ಸಲ ಹಾಕಿದರೂ ಸ್ಕೂಟರ್ ಸಮಯಕ್ಕೆ ನಿಲ್ಲಲೇ ಇಲ್ಲ. ಅಂದು ನಿಂತದ್ದು ಹುಡುಗಿ.

ದೊಡ್ಡವರು ಮಕ್ಕಳಿಗೆ ‘ನೋಡಿಕೊಂಡು ದಾಟು’ ಎನ್ನುವಾಗ ಇನ್ನೊಂದು ವಿಷಯವನ್ನು ಮರೆಯುತ್ತಾರೆ. ಬರುವ ವಾಹನದ ವೇಗವನ್ನು ಅಳೆಯುವುದು ಮಕ್ಕಳ ಕಣ್ಣಿಗೆ ಸುಲಭವಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ವಿಜ್ಞಾನಿಗಳು 2010ರಲ್ಲಿ ತಿಳಿಸಿದಂತೆ, ವಾಹನದ ವೇಗ ಗಂಟೆಗೆ ಸುಮಾರು 32 ಕಿಲೋಮೀಟರನ್ನು ಮೀರಿದರೆ ಪ್ರಾಥಮಿಕ ಶಾಲೆಯ ಮಕ್ಕಳ ಅಂದಾಜು ನಂಬುವಂತಿರುವುದಿಲ್ಲ. ಇದು ಅಜಾಗರೂಕತೆಯಲ್ಲ, ಆ ಶಕ್ತಿ ಇನ್ನೂ ಬೆಳೆಯಬೇಕಾಗಿರುತ್ತದೆ. ಬೆಳೆದ ಕಣ್ಣು ಇರುವುದು ಹ್ಯಾಂಡಲ್ ಹಿಡಿದವರಿಗೆ. ಆದರೂ ಪಾಠವೆಲ್ಲ ಮಕ್ಕಳಿಗೇ!

ಸೋಮವಾರ ಅಪ್ಪ ಶಾಲೆಯ ಗೇಟಿನ ಬಳಿ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕಂಡು ತಪ್ಪು ಒಪ್ಪಿಕೊಂಡರು. ತಾಯಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ಏನೂ ಹೇಳದೆ ಮಗಳ ಕೈ ಹಿಡಿದು ಒಳಗೆ ಹೋದರು. ಅದನ್ನು ಅಪ್ಪ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಗಳ ಪಾಠಕ್ಕೆ ಮಾತ್ರ ಒಂದು ಸಾಲು ಸೇರಿತು. ನಿಂತ ವಾಹನದ ಮುಂದೆ ದಾಟುವಾಗ ಅದರ ಕೊನೆಯ ಅಂಚಿನಲ್ಲಿ ಇನ್ನೊಮ್ಮೆ ನಿಲ್ಲು, ಕತ್ತು ಚಾಚಿ ಆಚೆ ನೋಡು, ಆಮೇಲೆ ಹೆಜ್ಜೆ ಇಡು. ಒಬ್ಬರು ದಾರಿ ಬಿಟ್ಟರೆ ಆ ಸಾಲಿನಷ್ಟು ದಾರಿ ಮಾತ್ರ ಸಿಕ್ಕಿದ ಹಾಗೆ. ಅಪ್ಪ ತಮ್ಮ ಪಾಠವನ್ನು ಹಳೆಯ ಕಾಲದಿಂದ ಹುಡುಕಿ ತೆಗೆದರು. ಲೈಸೆನ್ಸ್ ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಮರುದಿನವೇ ಮರೆತುಬಿಟ್ಟಿದ್ದ ಕೈಸನ್ನೆ. ನಿಲ್ಲಿಸುವಾಗ ಬಲಗೈಯನ್ನು ಮೊಣಕೈಯಿಂದ ಮೇಲಕ್ಕೆ ನೇರವಾಗಿ ಎತ್ತುವುದು. ಪಟ್ಟಿಯ ಹತ್ತಿರ ವೇಗ ತಗ್ಗಿಸಿ ಹೀಗೆ ಕೈ ಎತ್ತಿದ ಮೊದಲ ದಿನ ಹಿಂದಿನ ನಾಲ್ಕು ಗಾಡಿಗಳು ಹಾರ್ನ್ ಬಾರಿಸಿದವು. ಒಬ್ಬ ಯುವಕ ಪಕ್ಕದಲ್ಲಿ ಹಾದು ಹೋಗುತ್ತಾ, “ಏನ್ ಅಂಕಲ್, ಟಾಟಾ ಮಾಡ್ತಿದೀರಾ?” ಎಂದು ನಕ್ಕ. ಅವರಿಗೆ ಬೇಸರವಾಯಿತು, ಆದರೂ ಕೈ ಇಳಿಸಲಿಲ್ಲ. ಹಾರ್ನ್ ಮಾಡುವವನ ಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನವನು ಗಿರಾಕಿ ಹಿಡಿಯುತ್ತಿದ್ದಾನೆ ಎಂದೇ ಅವನು ತಿಳಿದಿರುತ್ತಾನೆ.

ಆಗಸ್ಟಿನಲ್ಲಿ ಒಂದು ದಿನ ಅಪ್ಪ ಹಾಗೆ ಸ್ಕೂಟರ್ ನಿಲ್ಲಿಸಿ ಕೈ ಎತ್ತಿದಾಗ ಫುಟ್‌ಪಾತಿನಿಂದ ಇಳಿದವಳು ಅವರ ಮಗಳೇ. ಅವಳಿಗೆ ಅಪ್ಪನ ಹೆಲ್ಮೆಟ್ಟಿನ ಗುರುತು ಸಿಕ್ಕಿತು, ಸಣ್ಣಗೆ ನಕ್ಕಳು. ಸ್ಕೂಟರಿನ ಮುಂದೆ ಬಂದಳು. ಅದರ ಬಲ ಅಂಚಿಗೆ ಬಂದಾಗ ನಿಂತಳು. ಕತ್ತು ಚಾಚಿ ಪಕ್ಕದ ಸಾಲನ್ನು ನೋಡಿದಳು. ಒಂದು ಬೈಕ್ ಹಾದು ಹೋಯಿತು. ಮತ್ತೊಮ್ಮೆ ನೋಡಿ, ವಿಭಜಕದ ಕಡೆಗೆ ನಡೆದಳು.