ಡಬ್ಬಿಯೊಳಗೊಂದು ಹೆಸರು

‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಮಾತನ್ನು ಒಮ್ಮೆಯಾದರೂ ಆಡದ ಕನ್ನಡಿಗರು ಕಡಿಮೆ. ಬಹುಮಾನದ ಕೂಪನ್ ತುಂಬುವವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವುದೂ ಇದೇ ಗಾದೆ. ಸೀರೆ ಅಂಗಡಿಯ ಕೌಂಟರಿನ ಪಕ್ಕ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆದು, ನಾಲ್ಕಾಗಿ ಮಡಿಸಿ ಡಬ್ಬಿಗೆ ಹಾಕುವವರೆಲ್ಲ ಆಸೆಬುರುಕರು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಬಿಟ್ಟಿ ವಸ್ತುವಿನ ಆಸೆಯೊಂದೇ ಆಗಿದ್ದರೆ, ಬರುವುದೇ ಅಪರೂಪವಾದ ಒಂದು ಹಾಟ್‌ಬಾಕ್ಸಿಗಾಗಿ ವರ್ಷಗಟ್ಟಲೆ ಯಾರೂ ಇಷ್ಟು ಶ್ರಮ ಪಡುತ್ತಿರಲಿಲ್ಲ.

ಶ್ರಮ ಎಂದರೆ ಏನೆಂದು ನಾನು ತಿಳಿದದ್ದು ತಿಪಟೂರಿನ ಅತ್ತೆಯಿಂದ. ಮಾವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅತ್ತೆ ಮನೆಯಲ್ಲಿ ತಮ್ಮದೇ ಇನ್ನೊಂದು ಲೆಕ್ಕ ಇಟ್ಟಿದ್ದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾವ ಸ್ಪರ್ಧೆ, ಕಳಿಸಿದ ದಿನ, ಕೊನೆಯ ದಿನ, ಫಲಿತಾಂಶ ಎಂದು ನಾಲ್ಕು ಅಂಕಣ. ಸೋಪಿನ ಕವರನ್ನು ಕತ್ತರಿಯಿಂದಲ್ಲ, ಬ್ಲೇಡಿನಿಂದ ಗೆರೆಯ ಮೇಲೇ ಕತ್ತರಿಸುತ್ತಿದ್ದರು. ಟೀ ಪುಡಿಯ ಪೊಟ್ಟಣದ ಮೂಲೆ, ವಾರಪತ್ರಿಕೆಯ ಪದಬಂಧ, ರೇಡಿಯೋದ ಪ್ರಶ್ನೆ ಯಾವುದನ್ನೂ ಬಿಟ್ಟವರಲ್ಲ. ಶುರುವಾಗಿದ್ದು ದೂರದರ್ಶನದ ‘ಸುರಭಿ’ಯಿಂದಂತೆ. ರೇಣುಕಾ ಶಹಾಣೆ ನಗುತ್ತಾ ಕೇಳುತ್ತಿದ್ದ ಹಿಂದಿ ಪ್ರಶ್ನೆ ಅರ್ಧ ಅರ್ಥವಾದರೂ ಪಕ್ಕದ ಮನೆಯ ಮೇಷ್ಟ್ರ ಸಹಾಯದಿಂದ ಉತ್ತರ ಹೋಗುತ್ತಿತ್ತು. ದೇಶದ ತುಂಬ ಹೀಗೆ ಬರೆಯುವವರು ಎಷ್ಟಿದ್ದರೆಂದರೆ ಆ ಕಾರ್ಯಕ್ರಮಕ್ಕೆ ಲಕ್ಷಗಟ್ಟಲೆ ಕಾರ್ಡು ಬರುತ್ತಿದ್ದವು. ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ ಬೇರೆ ಕಾರ್ಡು ತಂದಿತು. ಸಾಮಾನ್ಯ ಕಾರ್ಡಿಗೆ 50 ಪೈಸೆಯಾದರೆ ಸ್ಪರ್ಧೆಯ ಕಾರ್ಡಿಗೆ 10 ರೂಪಾಯಿ ಆದಾಗ ಅತ್ತೆಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ‘ಆಸೆಗೂ ಟ್ಯಾಕ್ಸ್ ಹಾಕಿಬಿಟ್ರಲ್ಲೇ’ ಎನ್ನುತ್ತಾರೆ.

ಇಷ್ಟು ವರ್ಷಗಳಲ್ಲಿ ಅವರಿಗೆ ಬಂದದ್ದು ನಾಲ್ಕೇ ನಾಲ್ಕು: ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್, ಒಂದು ಹಾಟ್‌ಬಾಕ್ಸ್, ಕಂಪನಿಯ ಹೆಸರನ್ನು ದೊಡ್ಡದಾಗಿ ಹೊತ್ತ ಗೋಡೆ ಗಡಿಯಾರ, ಮತ್ತು ವಾರಪತ್ರಿಕೆಗೆ ಒಂದು ವರ್ಷದ ಚಂದಾ. ಟಿಫಿನ್ ಕ್ಯಾರಿಯರನ್ನು ನಾದಿನಿಯ ಮಗಳಿಗೆ ಕೊಟ್ಟುಬಿಟ್ಟರು. ಗಡಿಯಾರ ನಿಂತು ಎಷ್ಟೋ ಕಾಲವಾಯಿತು. ಆದರೆ ಆ ನಾಲ್ಕೂ ಬಹುಮಾನಗಳ ಜೊತೆ ಬಂದ ಕಾಗದ, ಲಕೋಟೆ ಸಮೇತ, ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿದೆ. ಒಮ್ಮೆ ತೋರಿಸಿದಾಗ ನಾನು ಒಳಗಿನ ಕಾಗದ ಓದಹೊರಟೆ. ಅವರು ಲಕೋಟೆಯನ್ನು ತಿರುಗಿಸಿ ವಿಳಾಸ ತೋರಿಸಿದರು. ಆ ಮನೆಗೆ ಬರುತ್ತಿದ್ದ ಕರೆಂಟ್ ಬಿಲ್ಲು, ಎಲ್‌ಐಸಿ ನೋಟೀಸು, ಮದುವೆ ಕಾಗದ ಎಲ್ಲವೂ ಮಾವನ ಹೆಸರಿಗೆ. ತವರಿನ ಪತ್ರಕ್ಕೂ ಮಾವನ ಹೆಸರಿನ ಕೇರಾಫ್ ಬೇಕಿತ್ತು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಅತ್ತೆಯ ಹೆಸರನ್ನೇ ಕೂಗಿ ಕರೆದದ್ದು ಬಹುಮಾನ ಬಂದಾಗ ಮಾತ್ರ.

ಎಷ್ಟೋ ವರ್ಷಗಳ ನಂತರ ನನಗೂ ಈ ಚಟ ಅಂಟಿತು. ಪ್ರಕಾಶಕರು, ಓದುಗರ ಗುಂಪುಗಳು ನಡೆಸುವ ‘ಅದೃಷ್ಟಶಾಲಿ ಐವರಿಗೆ ಪುಸ್ತಕ’ ಬಗೆಯ ಸ್ಪರ್ಧೆಗಳು ನನ್ನವು. ಫೆಲೋಶಿಪ್ ಹಣ ಆರು ತಿಂಗಳಿಗೊಮ್ಮೆ ಬರುವ ಸಂಶೋಧನಾ ವಿದ್ಯಾರ್ಥಿಗೆ 400 ರೂಪಾಯಿಯ ಪುಸ್ತಕವೂ ಸಣ್ಣದಲ್ಲ, ನಿಜ. ಆದರೆ ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ನಮ್ಮ ದಿನಗಳೆಲ್ಲ ಅರ್ಜಿಗಳಲ್ಲೇ ಕಳೆಯುತ್ತವೆ. ಸಮ್ಮೇಳನಕ್ಕೆ ಸಾರಾಂಶ, ಪತ್ರಿಕೆಗೆ ಲೇಖನ, ಪ್ರವಾಸಕ್ಕೆ ಅನುದಾನ, ಅತಿಥಿ ಉಪನ್ಯಾಸಕರ ಹುದ್ದೆ. ಎಲ್ಲದರ ಕೊನೆಯಲ್ಲೂ ಯಾರೋ ನನ್ನನ್ನು ತೂಗಿ ನೋಡಿರುತ್ತಾರೆ. ‘ವಿಷಾದಿಸುತ್ತೇವೆ’ ಎಂಬ ಮಿಂಚಂಚೆಯನ್ನು ಎಷ್ಟೇ ಮೃದುವಾಗಿ ಬರೆದರೂ ಅದರ ಒಳಗೆ ‘ನೀನು ಸಾಲದು’ ಎಂಬ ಮಾತಿರುತ್ತದೆ. ಚೀಟಿ ಎತ್ತುವ ಆಟದಲ್ಲಿ ಆ ಮಾತಿಲ್ಲ. ಸೋತೆ ಎಂದರೆ ಕೈ ಇನ್ನೊಂದು ಚೀಟಿಗೆ ತಾಗಿತು, ಅಷ್ಟೇ. ಡಬ್ಬಿಯೊಳಗೆ ಪ್ರೊಫೆಸರರ ಚೀಟಿಗೂ ನನ್ನ ಚೀಟಿಗೂ ಒಂದೇ ತೂಕ.

ಅತ್ತೆ ಇದನ್ನು ಒಪ್ಪುವುದಿಲ್ಲ. ಅವರಿಗೆ ಬರೀ ಅದೃಷ್ಟದ ಗೆಲುವು ಸಪ್ಪೆ. ‘ಈ ಸೋಪನ್ನು ನಾನು ಇಷ್ಟಪಡುತ್ತೇನೆ, ಏಕೆಂದರೆ...’ ಎಂದು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಹತ್ತು ಪದಗಳಲ್ಲಿ ಮುಗಿಸುವ ಸ್ಪರ್ಧೆಗಳಿದ್ದವಲ್ಲ, ಅವೇ ಅವರಿಗೆ ಇಷ್ಟ. ಒಲೆಯ ಮುಂದೆ ಬೆರಳು ಮಡಿಸುತ್ತಾ ಪದ ಎಣಿಸುತ್ತಿದ್ದರಂತೆ. ಹಾಟ್‌ಬಾಕ್ಸ್ ಗೆದ್ದದ್ದು ಹಾಗೆ. ನಾಲ್ಕರಲ್ಲಿ ಅದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ, ಯಾಕೆಂದರೆ ‘ಅದು ಬಂದಿದ್ದಲ್ಲ, ನಾನು ಸಂಪಾದಿಸಿದ್ದು.’

ಅದೃಷ್ಟವೋ ಜಾಣತನವೋ ಎಂಬ ನಮ್ಮಿಬ್ಬರ ಈ ಜಗಳ ಸುಪ್ರೀಂ ಕೋರ್ಟಿಗೂ ಹೋಗಿ ಬಂದದ್ದೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡುತ್ತಿತ್ತು. ಅದರ ಮೂಲಕ ಆರ್‌ಎಂಡಿಸಿ ಹೆಸರಿನ ಪದಬಂಧ ಸ್ಪರ್ಧೆ ನಡೆಯುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಭಾಗವಹಿಸುವವರು ಮುಂಬಯಿಯಲ್ಲೂ ಇದ್ದರು. ಮುಂಬಯಿ ಸರ್ಕಾರ ಅದಕ್ಕೆ ತೆರಿಗೆ ಹಾಕಿತು. ಸ್ಪರ್ಧೆಯವರು ಇದು ವ್ಯಾಪಾರ, ನಮಗೆ ಸಂವಿಧಾನದ ರಕ್ಷಣೆ ಇದೆ ಎಂದು ಕೋರ್ಟಿಗೆ ಹೋದರು. 1957ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಅದು ಜೂಜಿನ ಸ್ವಭಾವದ್ದು, ಜೂಜಿಗೆ ವ್ಯಾಪಾರದ ರಕ್ಷಣೆ ಇಲ್ಲ ಎಂದಿತು. ಜಾಣತನವೇ ಮುಖ್ಯವಾದ ಸ್ಪರ್ಧೆಗಳ ಮಾತು ಬೇರೆ ಎಂದೂ ಕೋರ್ಟು ಹೇಳಿತು. ಅಷ್ಟರಲ್ಲಿ 1955ರ ಕಾಯ್ದೆಯೊಂದು ಅಂಥ ಪದಬಂಧಗಳ ಬಹುಮಾನವನ್ನು ತಿಂಗಳಿಗೆ 1,000 ರೂಪಾಯಿಗೆ, ಉತ್ತರಗಳನ್ನು 2,000ಕ್ಕೆ ಮಿತಿಗೊಳಿಸಿತ್ತು. ನಾನು ಇದನ್ನೆಲ್ಲ ವಿವರಿಸಿದಾಗ ಅತ್ತೆ ಕೇಳಿದ್ದು ಒಂದೇ: ‘ಅವ್ರು ದುಡ್ಡು ಇಸ್ಕೊಂಡು ಆಡಿಸ್ತಿದ್ರಾ? ಹಂಗಾದ್ರೆ ಕೋರ್ಟು ಹೇಳಿದ್ದು ಸರಿ.’ ಲಾಟರಿಗೂ ತಮ್ಮ ಆಟಕ್ಕೂ ಅವರು ಎಳೆದ ಗೆರೆಯೇ ಇದು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಅವರಿಗೆ ಸಮಾಧಾನವಾಗಿತ್ತಂತೆ. ಟಿಕೆಟ್ಟಿನ ಹಿಂದೆ ಸಂಬಳ ಕಳೆದವರ ಮನೆಗಳು ಅದೇ ಬೀದಿಯಲ್ಲಿದ್ದವು.

ಇನ್ನು ಬೇಸರದ ವಿಷಯಗಳು. ಮೊದಲನೆಯದು ಸಣ್ಣ ಅಕ್ಷರ. ‘ತಮಿಳುನಾಡು ನಿವಾಸಿಗಳಿಗೆ ಅನ್ವಯಿಸುವುದಿಲ್ಲ’ ಎಂಬ ಸಾಲನ್ನು ಬಿಸ್ಕತ್ ಪೊಟ್ಟಣಗಳ ಮೇಲೆ ನೀವೂ ಓದಿರುತ್ತೀರಿ. ಅಲ್ಲಿ 1979ರಿಂದ ಬಹುಮಾನ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಇದೆ. ತಮಾಷೆಯೆಂದರೆ, ಚೀಟಿ ಎತ್ತುವುದಕ್ಕೆ ನಮ್ಮ ದೇಶದ ಪ್ರಸಿದ್ಧ ದಾಖಲೆ ಇರುವುದೂ ಅಲ್ಲೇ. ಉತ್ತರಮೇರೂರಿನ 10ನೇ ಶತಮಾನದ ಚೋಳ ಶಾಸನದಲ್ಲಿ, ಊರಿನ ಸಭೆಗೆ ಸದಸ್ಯರನ್ನು ಆರಿಸಲು ಓಲೆಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಎಲ್ಲರ ಎದುರು ಒಬ್ಬ ಹುಡುಗನ ಕೈಯಿಂದ ಎತ್ತಿಸುವ ಕ್ರಮದ ವಿವರ ಇದೆ. ಎಲ್ಲರ ಎದುರು, ಏನೂ ಅರಿಯದ ಮಗುವಿನ ಕೈಯಿಂದ. ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿದ್ದ ಈ ಎರಡು ನಿಯಮಗಳನ್ನು ಇವತ್ತು ಪಾಲಿಸುವವರು ಕಡಿಮೆ.

ಪುಸ್ತಕದ ಸ್ಪರ್ಧೆಗಳಲ್ಲಿ ನನಗೆ ಸರಿಹೋಗದ್ದು ಗೆದ್ದವರ ಹೆಸರನ್ನೇ ಹೇಳದಿರುವುದು. ಕೊನೆಯ ದಿನ ಕಳೆಯುತ್ತದೆ, ವಾರ ಕಳೆಯುತ್ತದೆ, ಆಮೇಲೆ ಹೊಸ ಪುಸ್ತಕದ ಹೊಸ ಸ್ಪರ್ಧೆ ಬರುತ್ತದೆ. ಹಳೆಯದು ಏನಾಯಿತೆಂದು ಕೇಳಿದರೆ ನಾವೇ ಆಸೆಬುರುಕರು. ಇನ್ನೊಂದು, ‘ಮೂವರು ಗೆಳೆಯರನ್ನು ಟ್ಯಾಗ್ ಮಾಡಿ’ ಎಂಬ ಷರತ್ತು. ಇದರಲ್ಲಿ ದುಡ್ಡಿಲ್ಲ, ಆದರೆ ಶುಲ್ಕ ಇದೆ. ಕಟ್ಟುವುದು ಸ್ನೇಹದ ಖಾತೆಯಿಂದ. ಎರಡು ವರ್ಷದಿಂದ ಮಾತಾಡಿಸದ ಗೆಳತಿಗೆ ನನ್ನಿಂದ ಹೋಗುವ ಮೊದಲ ಸುದ್ದಿ ಒಂದು ಕಾದಂಬರಿಯ ಜಾಹೀರಾತಾದರೆ ಅವಳಿಗೆ ಹೇಗನ್ನಿಸಬೇಕು? ಒಮ್ಮೆ ನನಗೂ ಒಂದು ಕವನ ಸಂಕಲನ ಬಂತು. ಪುಸ್ತಕ ಕೈಸೇರಿದ ಮೂರನೇ ದಿನದಿಂದ ‘ನಾಲ್ಕು ಒಳ್ಳೆ ಮಾತು ಬರೆಯಿರಿ’ ಎಂಬ ಸಂದೇಶಗಳು ಶುರು. ಬಹುಮಾನ ಕೊಟ್ಟವರಿಗೆ ಅದು ಮುಂಗಡ ಕೂಲಿಯಾಗಿತ್ತು. ಕವಿತೆಗಳು ಚೆನ್ನಾಗಿದ್ದವು, ಬೇರೆ ದಾರಿಯಲ್ಲಿ ಸಿಕ್ಕಿದ್ದರೆ ಕೇಳದೆಯೇ ಬರೆಯುತ್ತಿದ್ದೆ.

ಅತ್ತೆಯ ಆಟಕ್ಕೆ ಪೆಟ್ಟು ಬಿದ್ದದ್ದು ಫೋನಿನಿಂದ. ಅಂಗಡಿಯ ಡಬ್ಬಿಗೆ ಹಾಕಿದ ನಂಬರು ಎಲ್ಲೆಲ್ಲಿಗೆ ಹೋಯಿತೋ, ಸೈಟು, ಸಾಲ, ಚಿನ್ನದ ಸ್ಕೀಮು ಎಂದು ದಿನವಿಡೀ ಕರೆ. ಒಂದು ದಿನ ವಾಟ್ಸ್ಆ್ಯಪಿನಲ್ಲಿ, ಜನಪ್ರಿಯ ಟಿವಿ ಕ್ವಿಜ್ ಒಂದರ ಹೆಸರು ಹೇಳಿಕೊಂಡು, ನಿಮಗೆ 25 ಲಕ್ಷ ಬಂದಿದೆ, ತೆರಿಗೆಯ ಹಣ ಮೊದಲು ಕಟ್ಟಿ ಎಂಬ ಧ್ವನಿಸಂದೇಶ ಬಂತು. ಇಂಥ ಮೋಸ ನಂಬುವಂತೆ ಕಾಣುವುದಕ್ಕೆ ಕಾರಣವಿದೆ. ದೊಡ್ಡ ಬಹುಮಾನಕ್ಕೆ ಶೇಕಡಾ 30ರಷ್ಟು ತೆರಿಗೆ ಇರುವುದು ನಿಜ. ಕಾರಿನಂಥ ವಸ್ತುವಾದರೆ ತೆರಿಗೆ ಸಂದಾಯವಾದ ಮೇಲೆಯೇ ಕೊಡಬೇಕೆಂಬುದೂ ನಿಜ. ಅರ್ಧ ನಿಜದ ಮೇಲೆ ನಿಂತ ಸುಳ್ಳಿಗೆ ಕಾಲು ಗಟ್ಟಿ. ಪಕ್ಕದ ಬೀದಿಯ ನಿವೃತ್ತರೊಬ್ಬರು ಇಂಥದ್ದೇ ಕರೆ ನಂಬಿ ದುಡ್ಡು ಕಳೆದುಕೊಂಡು ಮಕ್ಕಳಿಗೂ ಹೇಳಿರಲಿಲ್ಲ. ಅತ್ತೆ ಸಂದೇಶವನ್ನು ಎರಡು ಸಲ ಕೇಳಿ ನನಗೆ ಫೋನು ಮಾಡಿದರು. ‘ನಾನು ಹೆಸ್ರೇ ಕಳ್ಸಿಲ್ವಲ್ಲೇ, ಅದ್ಹೆಂಗೆ ಗೆಲ್ತೀನಿ?’ ಕ್ಯಾಲೆಂಡರ್ ತೆಗೆದು ನೋಡಿಯೂ ಇದ್ದರಂತೆ. ಆಡಿ ಸೋತು ಅಭ್ಯಾಸವಿದ್ದವರಿಗೆ ಆಡದೆ ಬಂದ ಗೆಲುವಿನ ಮೇಲೆ ಅನುಮಾನ ಹುಟ್ಟುತ್ತದೆ.

ಅವರು ಮೋಸ ಹೋಗಲಿಲ್ಲ. ಆದರೆ ಅಂದಿನಿಂದ ಎಲ್ಲೂ ಹೆಸರು ಬರೆಯುವುದನ್ನು ಬಿಟ್ಟರು. ನಂಬರು ಕೇಳುವ ಜಾಗದಲ್ಲಿ ಹೆಸರೂ ಬೇಡ ಎಂದುಬಿಟ್ಟರು. ಕ್ಯಾಲೆಂಡರಿನ ಅಂಕಣಗಳು ಹಾಲಿನ ಲೆಕ್ಕಕ್ಕೆ ಹೋದವು. ವಂಚಕರ ಲೆಕ್ಕದಲ್ಲಿ ಅತ್ತೆ ಕೈತಪ್ಪಿದ ಒಂದು ನಂಬರು ಅಷ್ಟೇ. ನನ್ನ ಲೆಕ್ಕದಲ್ಲಿ ಅವರು ಅತ್ತೆಯಿಂದ ಕಸಿದದ್ದು ಕಮ್ಮಿಯಲ್ಲ.

ಹೋದ ದಸರಾಕ್ಕೆ ತಿಪಟೂರಿಗೆ ಹೋಗಿದ್ದೆ. ಪೇಟೆಯ ಪಾತ್ರೆ ಅಂಗಡಿಯವರು ಆಯುಧಪೂಜೆಯ ಸಂಜೆ ಬೀದಿಯಲ್ಲೇ ಮೇಜು ಹಾಕಿ, ಮೈಕು ಹಿಡಿದು, ಎಲ್ಲರೆದುರು ಚೀಟಿ ಎತ್ತಿಸುತ್ತಾರೆ. ಎತ್ತುವುದು ಅಂಗಡಿಯ ಕೆಲಸದವರ ಐದು ವರ್ಷದ ಮಗಳು. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಹೋಗಿದ್ದ ಅತ್ತೆ ಎಷ್ಟೋ ದಿನಗಳ ಮೇಲೆ ಕೂಪನ್ ಕೈಗೆತ್ತಿಕೊಂಡರು. ಹೆಸರನ್ನು ದುಂಡಗೆ ಬರೆದರು, ವಿಳಾಸ ಬರೆದರು, ಫೋನಿನ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಅಂಗಡಿಯ ಹುಡುಗ, ‘ನಂಬರ್ ಇಲ್ದೆ ಹೆಂಗಮ್ಮ ತಿಳಿಸೋದು?’ ಎಂದ. ‘ಮನೆ ಗೊತ್ತಲ್ಲಪ್ಪ, ಬಂದು ಕೂಗು’ ಎಂದು ಚೀಟಿ ಮಡಿಸಿ ಡಬ್ಬಿಗೆ ಹಾಕಿದರು.